ಸೋರುವ ಕಿವಿಗೆ ಕಿವಿಗೊಡುವವರು ಯಾರು?

ನಾನು ವಾಸಿಸುವ ಡಾರ್ವಿನ್ ನಗರದಿಂದ ಪೂರ್ವಕ್ಕೆ ಆರ್ನೆಮ್ ಲ್ಯಾಂಡ್ ಎಂಬ ವಿಶಾಲವಾದ ಮೂಲನಿವಾಸಿ ಪ್ರದೇಶವಿದೆ. ಮಕ್ಕಳ ವೈದ್ಯನಾಗಿ ಅಲ್ಲಿಯ ಊರುಗಳಿಗೆ ಆಗಾಗ ಚಿಕ್ಕ ವಿಮಾನದಲ್ಲಿ ಹೋಗಿಬರುವುದು ನನ್ನ ಕೆಲಸದ ಒಂದು ಭಾಗ. ಮಳೆಗಾಲದಲ್ಲಿ ರಸ್ತೆಗಳು ನೀರಿನಲ್ಲಿ ಮುಳುಗಿ, ಆ ಊರುಗಳಿಗೆ ಆಕಾಶಮಾರ್ಗವೊಂದೇ ಉಳಿಯುತ್ತದೆ. ಇತ್ತೀಚಿನ ಒಂದು ಭೇಟಿಯಲ್ಲಿ ಅಜ್ಜಿಯೊಬ್ಬರು ವರ್ಷ ತುಂಬಿದ ಮೊಮ್ಮಗಳನ್ನು ಕೆಮ್ಮಿಗೆಂದು ಕರೆತಂದಿದ್ದರು. ಎದೆಯನ್ನು ಪರೀಕ್ಷಿಸಿದ ನಂತರ ಕಿವಿಯೊಳಗೆ ನೋಡಿದೆ. ಎರಡೂ ಕಿವಿಗಳಲ್ಲಿ ಕೀವು ತುಂಬಿತ್ತು. ಎಷ್ಟು ದಿನಗಳಿಂದ ಹೀಗಿದೆ ಎಂದು ಕೇಳಿದೆ. ಅಜ್ಜಿ ನನ್ನ ಪ್ರಶ್ನೆಗೇ ಆಶ್ಚರ್ಯಪಟ್ಟಂತೆ, "ಇಲ್ಲಿಯ ಮಕ್ಕಳಿಗೆಲ್ಲ ಹಾಗೆಯೇ" ಎಂದರು.

ಆ ಮಾತು ನನಗೆ ಹೊಸದಾಗಿರಲಿಲ್ಲ. ಮೂರು ದಶಕಗಳ ಹಿಂದೆ, ಎಂ.ಡಿ. ಮುಗಿಸಿದ ಹೊಸತರಲ್ಲಿ, ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಎಂಟು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಜ್ವರಕ್ಕೆಂದು ಕರೆತಂದಿದ್ದಳು. ಅವನ ಬಲಗಿವಿಯಿಂದ ಇಳಿದ ಕೀವು ಕೆನ್ನೆಯ ಮೇಲೆ ಒಣಗಿ ನಿಂತಿತ್ತು. ನಾನು ಅತ್ತ ನೋಡಿದ್ದನ್ನು ಕಂಡು ಆಕೆ, "ಅದು ಇರ್ಲಿ ಬಿಡ್ರಿ ಸಾಹೇಬ್ರ, ಮೊದ್ಲಿಂದಾನೂ ಸೋರ್ತದ. ಜ್ವರಕ್ಕ ಔಷಧಿ ಕೊಡ್ರಿ" ಎಂದಳು. ಹುಡುಗನಿಗೆ ಓದು ಹತ್ತುವುದಿಲ್ಲ, ಮೇಷ್ಟ್ರು ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ ಎಂದೂ ಹೇಳಿದಳು. ನನ್ನ ಬಳಿಯಿದ್ದ ಕಿವಿ ನೋಡುವ ಉಪಕರಣದ ಬ್ಯಾಟರಿ ಸೋರಿ ಕೆಟ್ಟುಹೋಗಿ ತಿಂಗಳಾಗಿತ್ತು. ಹೊರಗೆ ನೂರು ಜನ ಕಾದಿದ್ದರು. ಜ್ವರಕ್ಕೆ ಒಂದು ಸಿರಪ್ಪು, ಕಿವಿಗೆಂದು ಇನ್ನೊಂದು ಸಿರಪ್ಪು ಬರೆದು, "ದೊಡ್ಡವನಾದಂತೆ ಹೋಗುತ್ತದೆ" ಎಂದು ಸಮಾಧಾನ ಹೇಳಿ ಕಳುಹಿಸಿದೆ. ಹಿಂದಿನ ಸಾಲಿಗೂ ಆ ಕಿವಿಗೂ ಸಂಬಂಧವಿರಬಹುದೆಂಬ ಯೋಚನೆ ಅಂದು ನನಗೆ ಬರಲಿಲ್ಲ.

ಒಂದು ಬಡ ಜಿಲ್ಲೆ, ಒಂದು ಶ್ರೀಮಂತ ದೇಶ. ಎರಡೂ ಕಡೆ ಒಂದೇ ರೋಗ, ಅದರ ಬಗ್ಗೆ ಒಂದೇ ಬಗೆಯ ಒಪ್ಪಿಗೆ. ಬೆಳೆಯುತ್ತಿರುವ ದೇಶಗಳ ಮಕ್ಕಳಲ್ಲಿ ಮಧ್ಯಕಿವಿಯ ಸೋಂಕು ಎಷ್ಟು ಸಾಮಾನ್ಯ ಎಂಬ ಪ್ರಶ್ನೆಗೆ ಅಂಕಿ ಅಂಶಗಳ ಉತ್ತರವಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಈ ರೋಗದ ನಿಜವಾದ ಅಪಾಯವಿರುವುದು "ಸಾಮಾನ್ಯ" ಎಂಬ ಆ ಪದದಲ್ಲಿಯೇ ಎಂದು ನಾನು ನಂಬಿದ್ದೇನೆ. ಎಲ್ಲ ಮಕ್ಕಳಿಗೂ ಇರುವುದನ್ನು ಯಾರೂ ರೋಗವೆಂದು ಕರೆಯುವುದಿಲ್ಲ.

ಮೊದಲು ರೋಗದ ಸ್ವರೂಪವನ್ನು ಸಂಕ್ಷಿಪ್ತವಾಗಿ ತಿಳಿಯೋಣ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ, ಅದೇ ಮಧ್ಯಕಿವಿ. ಅದರೊಳಗಿನ ಮೂರು ಸಣ್ಣ ಮೂಳೆಗಳು ತಮಟೆಯ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಈ ಕೋಣೆಗೆ ಮೂಗಿನ ಹಿಂಭಾಗದಿಂದ ಒಂದು ನಾಳದ ಮೂಲಕ ಗಾಳಿ ಬರುತ್ತದೆ. ಶಿಶುಗಳಲ್ಲಿ ಈ ನಾಳ ಗಿಡ್ಡವಾಗಿಯೂ ಹೆಚ್ಚು ಕಡಿಮೆ ಅಡ್ಡಡ್ಡವಾಗಿಯೂ ಇರುತ್ತದೆ. ನೆಗಡಿಯಾದಾಗ ನಾಳ ಮುಚ್ಚಿಕೊಳ್ಳುತ್ತದೆ. ಮೂಗಿನಲ್ಲಿದ್ದ ನ್ಯುಮೋಕಾಕಸ್, ಹಿಮೋಫಿಲಸ್ ಮುಂತಾದ ಬ್ಯಾಕ್ಟೀರಿಯಾಗಳು ಮೇಲೇರಿ ಕೋಣೆಯಲ್ಲಿ ಕೀವು ಕಟ್ಟುತ್ತದೆ. ಒತ್ತಡ ಹೆಚ್ಚಿದಾಗ ಮಗು ರಾತ್ರಿಯಿಡೀ ಅಳುತ್ತದೆ. ಕೆಲವೊಮ್ಮೆ ತಮಟೆ ಒಡೆದು ಕೀವು ಹೊರಬರುತ್ತದೆ, ಕೂಡಲೇ ನೋವು ಇಳಿಯುತ್ತದೆ. ಬಹುಪಾಲು ಮಕ್ಕಳಲ್ಲಿ ಆ ತೂತು ಕೆಲವು ವಾರಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದರೆ ಹೊರಗಿನ ನೀರು, ಧೂಳು, ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಒಳಸೇರಿ ಕಿವಿ ವರ್ಷಗಟ್ಟಲೆ ಸೋರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಮಧ್ಯಕಿವಿಯ ಸೋಂಕು ಬಡವರ ರೋಗವಲ್ಲ. ಮುಂದುವರಿದ ದೇಶಗಳಲ್ಲಿಯೂ ಬಹುಪಾಲು ಮಕ್ಕಳು ಮೂರು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಆಸ್ಟ್ರೇಲಿಯಾದ ನಗರಗಳಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಮಗುವನ್ನು ಮೊದಲ ಬಾರಿಗೆ ಚೈಲ್ಡ್‌ಕೇರ್‌ಗೆ ಸೇರಿಸಿದ ವರ್ಷ ಕಿವಿನೋವಿಗಾಗಿ ನಿದ್ದೆಗೆಡದ ತಂದೆತಾಯಿ ಅಪರೂಪ. ಅವರಲ್ಲಿ ಕೆಲವರು ಮರುದಿನ ಫೋನ್ ಮಾಡಿ, "ಇಲ್ಲಿಯ ಡಾಕ್ಟರು ಆಂಟಿಬಯಾಟಿಕ್ ಕೊಡಲೇ ಇಲ್ಲ, ಎರಡು ದಿನ ಕಾದು ನೋಡಿ ಅಂದರು" ಎಂದು ದೂರುವುದುಂಟು. ವೈದ್ಯರು ಹೇಳಿದ್ದು ಸರಿಯೇ. ಅಪಾಯ ಕಡಿಮೆಯಿರುವ ಮಕ್ಕಳಲ್ಲಿ ನೋವುನಿವಾರಕ ಕೊಟ್ಟು ಕಾಯುವುದೇ ಇಲ್ಲಿಯ ಮಾರ್ಗಸೂಚಿ. ಆದರೆ ಅದೇ ಮಾರ್ಗಸೂಚಿ, ದೂರದ ಊರುಗಳ ಮೂಲನಿವಾಸಿ ಮಕ್ಕಳಿಗೆ ಕಾಯಬೇಡಿ, ಕೂಡಲೇ ಆಂಟಿಬಯಾಟಿಕ್ ಆರಂಭಿಸಿ ಎನ್ನುತ್ತದೆ. ಒಂದೇ ರೋಗಕ್ಕೆ ಎರಡು ನಿಯಮಗಳೇಕೆ? ನಗರದ ಮಗುವಿನ ಕಿವಿ ತಾನಾಗಿ ಗುಣವಾಗುವ ಸಾಧ್ಯತೆ ಹೆಚ್ಚು, ಈ ಮಗುವಿನ ಕಿವಿ ಒಡೆದು ಸೋರುತ್ತ ಉಳಿಯುವ ಸಾಧ್ಯತೆ ಹೆಚ್ಚು ಎಂಬುದು ಅನುಭವದಿಂದ ಕಲಿತ ಪಾಠ. ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ಇರುವ ದೊಡ್ಡ ಅಂತರ ಸೋಂಕು ತಗಲುವುದರಲ್ಲಿಲ್ಲ, ಅದರಿಂದ ಚೇತರಿಸಿಕೊಳ್ಳುವುದರಲ್ಲಿದೆ.

ಈಗ ಅಂಕಿಗಳನ್ನು ನೋಡೋಣ. 2012ರಲ್ಲಿ ಪ್ರಕಟವಾದ ಜಾಗತಿಕ ಅಂದಾಜೊಂದರ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 70 ಕೋಟಿ 90 ಲಕ್ಷ ತೀವ್ರ ಮಧ್ಯಕಿವಿ ಸೋಂಕಿನ ಪ್ರಕರಣಗಳು ಸಂಭವಿಸುತ್ತವೆ. ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳಲ್ಲಿ. ಮಧ್ಯ ಯುರೋಪಿನಲ್ಲಿ ನೂರು ಜನರಲ್ಲಿ ನಾಲ್ವರಿಗಿಂತ ಕಡಿಮೆ ಮಂದಿಗೆ ವರ್ಷಕ್ಕೊಮ್ಮೆ ಬರುವ ಈ ರೋಗ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಕಿವಿ ಸೋರುತ್ತಲೇ ಉಳಿಯುವ ದೀರ್ಘಕಾಲದ ರೋಗ ವರ್ಷಕ್ಕೆ ಹೊಸದಾಗಿ ಸುಮಾರು 3 ಕೋಟಿ 10 ಲಕ್ಷ ಜನರನ್ನು ಹಿಡಿಯುತ್ತದೆ. ಸೋಂಕು ಕಿವಿಯ ಹಿಂದಿನ ಮೂಳೆಗೆ, ಅಲ್ಲಿಂದ ಮೆದುಳಿಗೆ ಹಬ್ಬಿ ವರ್ಷಕ್ಕೆ ಸುಮಾರು 21,000 ಜನರು ಸಾಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ಸೋರುವ ಕಿವಿಯುಳ್ಳವರ ಸಂಖ್ಯೆಯನ್ನು 6.5 ಕೋಟಿಯಿಂದ 33 ಕೋಟಿಯವರೆಗೆ ಎಂದು ಅಂದಾಜಿಸಿತು. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಐದು ಪಟ್ಟು ಅಂತರ! ಮಲೇರಿಯಾವನ್ನೋ ಕ್ಷಯವನ್ನೋ ಜಗತ್ತು ಇಷ್ಟು ಸಡಿಲವಾಗಿ ಎಣಿಸಲು ಒಪ್ಪುತ್ತಿರಲಿಲ್ಲ. ಅದೇ ವರದಿ ಒಂದು ಗೆರೆಯನ್ನೂ ಎಳೆಯಿತು. ಯಾವುದೇ ಸಮುದಾಯದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಕಿವಿ ಸೋರುತ್ತಿದ್ದರೆ ಅದು ತುರ್ತಾಗಿ ಗಮನಿಸಬೇಕಾದ ಭಾರೀ ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದಿತು. ಆ ಗೆರೆಯ ಮೇಲಿದ್ದವರ ಪಟ್ಟಿ ಚಿಕ್ಕದು: ಟಾಂಜಾನಿಯಾ, ಭಾರತ, ಸಾಲೊಮನ್ ದ್ವೀಪಗಳು, ಗುವಾಮ್, ಗ್ರೀನ್‌ಲ್ಯಾಂಡ್ ಮತ್ತು ಆಸ್ಟ್ರೇಲಿಯಾದ ಮೂಲನಿವಾಸಿಗಳು. ನಾನು ಹುಟ್ಟಿದ ದೇಶ ಮತ್ತು ನಾನು ಈಗ ದುಡಿಯುವ ನೆಲ, ಎರಡೂ ಒಂದೇ ಸಾಲಿನಲ್ಲಿ.

ಆಸ್ಟ್ರೇಲಿಯಾದ ಸ್ಥಿತಿ ಎಷ್ಟು ಗಂಭೀರವೆಂಬುದಕ್ಕೆ ಒಂದು ಸಮೀಕ್ಷೆ ಸಾಕು. ನಾರ್ದರ್ನ್ ಟೆರಿಟರಿ ವಿಸ್ತೀರ್ಣದಲ್ಲಿ ಕರ್ನಾಟಕದ ಏಳು ಪಟ್ಟು. ಜನಸಂಖ್ಯೆ ಮಾತ್ರ ಎರಡೂವರೆ ಲಕ್ಷದ ಆಸುಪಾಸು. ಡಾರ್ವಿನ್‌ನ ಮೆನ್ಜೀಸ್ ಆರೋಗ್ಯ ಸಂಶೋಧನಾ ಸಂಸ್ಥೆಯ ತಜ್ಞರು 2001ರಲ್ಲಿ ದೂರದ 29 ಮೂಲನಿವಾಸಿ ಸಮುದಾಯಗಳಲ್ಲಿ ಆರು ತಿಂಗಳಿಂದ ಎರಡೂವರೆ ವರ್ಷದವರೆಗಿನ ಮಕ್ಕಳ ಕಿವಿಗಳನ್ನು ಪರೀಕ್ಷಿಸಿದರು. ನೂರರಲ್ಲಿ 91 ಮಕ್ಕಳಿಗೆ ಮಧ್ಯಕಿವಿಯ ಯಾವುದಾದರೊಂದು ತೊಂದರೆಯಿತ್ತು. ನೂರರಲ್ಲಿ 15 ಮಕ್ಕಳ ಕಿವಿ ತೂತಾಗಿ ದೀರ್ಘಕಾಲದಿಂದ ಸೋರುತ್ತಿತ್ತು. ಅಜ್ಜಿ ಹೇಳಿದ "ಎಲ್ಲ ಮಕ್ಕಳಿಗೂ" ಎಂಬ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ.

ಕಾರಣಗಳನ್ನು ಹುಡುಕುತ್ತ ಹೋದರೆ ನಾವು ಕಿವಿಯಿಂದ ಮನೆಗೆ ಬಂದು ನಿಲ್ಲುತ್ತೇವೆ. ಮೂರು ಕೋಣೆಯ ಮನೆಯಲ್ಲಿ ಹದಿನೈದು ಜನ ಮಲಗಿದರೆ ಒಬ್ಬರ ನೆಗಡಿ ಎಲ್ಲರದೂ ಆಗುತ್ತದೆ. ಈ ಊರುಗಳ ಶಿಶುಗಳ ಮೂಗಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಹುಟ್ಟಿದ ಕೆಲವೇ ವಾರಗಳಲ್ಲಿ ನೆಲೆಯೂರುವುದನ್ನು ಸಂಶೋಧಕರು ತೋರಿಸಿದ್ದಾರೆ. ತಂಬಾಕಿನ ಹೊಗೆ, ಕೈ ಮುಖ ತೊಳೆಯಲು ಸಾಲದ ನೀರು, ಅಪೌಷ್ಟಿಕತೆ, ಎದೆಹಾಲು ಬೇಗನೆ ನಿಲ್ಲುವುದು ಇವೆಲ್ಲ ಜೊತೆಗೂಡುತ್ತವೆ. ಕೆಟ್ಟ ನಲ್ಲಿಯನ್ನು ರಿಪೇರಿ ಮಾಡುವವರು ತಿಂಗಳುಗಟ್ಟಲೆ ಬರದ ಊರಿನಲ್ಲಿ ಮಗುವಿನ ಮುಖ ಶುಚಿಯಾಗಿಲ್ಲವೆಂದು ತಾಯಿಯನ್ನು ದೂರುವುದು ಸುಲಭ, ಆದರೆ ಅನ್ಯಾಯ.

ಇದರಿಂದ ಮಗು ಕಳೆದುಕೊಳ್ಳುವುದು ಏನು? ಸೋರುವ ಕಿವಿಯ ಮಗು ಪೂರ್ತಿ ಕಿವುಡಾಗುವುದು ಕಡಿಮೆ. ಅದು ಇಪ್ಪತ್ತರಿಂದ ನಲವತ್ತು ಡೆಸಿಬಲ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಶ್ರವಣಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಇಡೀ ದಿನ ಕಳೆದಂತೆ ಇದು. ಕೂಗಿದರೆ ಕೇಳುತ್ತದೆ, ಬಾಗಿಲು ಬಡಿದರೆ ತಿರುಗುತ್ತದೆ. ಆದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ತಪ್ಪಿಹೋಗುವುದು ಮೆಲುದನಿ, ಪದಗಳ ಅಂಚು. ನಮ್ಮ ಕನ್ನಡದಲ್ಲಿ ವ್ಯಾಕರಣವೆಲ್ಲ ಪದದ ಕೊನೆಯಲ್ಲಿ ನೇತುಬಿದ್ದಿರುತ್ತದೆ. "ಅವನಿಗೆ", "ಅವನಿಂದ", "ಹೋಗಬೇಕು", "ಹೋಗಬೇಡ". ಮಾತನಾಡುವಾಗ ನಾವು ದನಿ ತಗ್ಗಿಸುವುದೂ ಅಲ್ಲಿಯೇ. ನಲವತ್ತು ಮಕ್ಕಳ ತರಗತಿಯಲ್ಲಿ, ಫ್ಯಾನಿನ ಸದ್ದಿನ ನಡುವೆ, ಹಿಂದಿನ ಸಾಲಿನ ಹುಡುಗನಿಗೆ "ಹೋಗಬೇ" ಎಂಬಷ್ಟೇ ಕೇಳಿದರೆ ಅವನು ಹೋಗಬೇಕೋ ನಿಲ್ಲಬೇಕೋ? ಅವನು ಪಕ್ಕದವನನ್ನು ನೋಡಿ ಅನುಕರಿಸುತ್ತಾನೆ, ಇಲ್ಲವೇ ಸುಮ್ಮನೆ ಕೂರುತ್ತಾನೆ. ನಾವು ಅವನನ್ನು ದಡ್ಡನೆನ್ನುತ್ತೇವೆ.

ಇಲ್ಲಿಯ ಮೂಲನಿವಾಸಿ ಮಕ್ಕಳ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಆರ್ನೆಮ್ ಲ್ಯಾಂಡಿನ ಯೋಲ್ಙು ಭಾಷೆಗಳಲ್ಲಿ ನಮ್ಮ ಟ, ಣ, ಳ ಗಳನ್ನು ಹೋಲುವ ಧ್ವನಿಗಳಿವೆ. ಕೆಲವು ಹೆಸರುಗಳನ್ನು ನಾನು ಸರಿಯಾಗಿ ಉಚ್ಚರಿಸಿದಾಗ ಅಲ್ಲಿಯ ಹಿರಿಯರು ನಗುವುದುಂಟು. ಇಂಗ್ಲಿಷ್ ನಾಲಗೆಗೆ ಅವು ಸುಲಭವಲ್ಲ. ಆದರೆ ಆಸ್ಟ್ರೇಲಿಯಾದ ಬಹುಪಾಲು ಮೂಲನಿವಾಸಿ ಭಾಷೆಗಳಲ್ಲಿ ಸ, ಶ, ಫ ದಂತಹ ಊಷ್ಮ ಧ್ವನಿಗಳಿಲ್ಲ. ಶಾಲೆಯಲ್ಲಿ ಕಲಿಯಬೇಕಾದ ಇಂಗ್ಲಿಷಿನ ತುಂಬ ಇರುವುದು ಅವೇ. ಅವು ಕ್ಷೀಣವಾದ, ಕಿವಿ ಮಂದವಾದಾಗ ಬೇಗನೆ ಕಳೆದುಹೋಗುವ ಧ್ವನಿಗಳು. ಮನೆಯಲ್ಲಿ ಕೇಳಿರದ ಧ್ವನಿಗಳನ್ನು ಸೋರುವ ಕಿವಿಯಿಂದ ಕಲಿಯಬೇಕಾದ ಮಗು ಮೂರನೆಯ ತರಗತಿಯಲ್ಲಿ ಶಾಲೆ ತಪ್ಪಿಸಿಕೊಂಡರೆ ಅಚ್ಚರಿಯೇನು?

ಶಾಲೆಯಿಂದ ಹೊರಬಿದ್ದ ಮಗು ಎಲ್ಲಿಗೆ ಹೋಗುತ್ತದೆ ಎಂಬುದು ಇಂದು ಈ ಪ್ರಾಂತ್ಯದ ರಾಜಕೀಯದ ಕೇಂದ್ರ ಪ್ರಶ್ನೆ. 2010ರ ದಶಕದ ಆರಂಭದಲ್ಲಿ ಡಾರ್ವಿನ್ ಮತ್ತು ಆಲಿಸ್ ಸ್ಪ್ರಿಂಗ್ಸ್ ಜೈಲುಗಳಲ್ಲಿದ್ದ ಮೂಲನಿವಾಸಿ ಕೈದಿಗಳ ಶ್ರವಣ ಪರೀಕ್ಷೆ ನಡೆದಾಗ, ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಗಮನಾರ್ಹ ಶ್ರವಣದೋಷ ಕಂಡುಬಂದಿತ್ತು. ಕಿವಿ ಸೋರಿದ್ದರಿಂದಲೇ ಜೈಲು ಸೇರಿದರೆಂದು ಇದರಿಂದ ಹೇಳಲಾಗದು. ಬಡತನ, ಮದ್ಯ, ಇತಿಹಾಸದ ಗಾಯಗಳು ಎಲ್ಲವೂ ಅಲ್ಲಿವೆ. ಆದರೆ ಪೊಲೀಸರ ಆಜ್ಞೆ ಕೇಳಿಸದವನು ಉದ್ಧಟನಾಗಿ ಕಾಣುತ್ತಾನೆ, ನ್ಯಾಯಾಧೀಶರ ಪ್ರಶ್ನೆ ಅರ್ಥವಾಗದೆ ತಲೆಯಾಡಿಸಿದವನು ತಪ್ಪೊಪ್ಪಿಕೊಂಡವನಾಗುತ್ತಾನೆ ಎಂಬುದನ್ನು ತಳ್ಳಿಹಾಕಲಾಗದು. ನಾರ್ದರ್ನ್ ಟೆರಿಟರಿ 2023ರಲ್ಲಿ ಅಪರಾಧ ಹೊಣೆಗಾರಿಕೆಯ ಕನಿಷ್ಠ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತ್ತು. 2024ರಲ್ಲಿ ಬಂದ ಹೊಸ ಸರಕಾರ ಅದನ್ನು ಮರಳಿ ಹತ್ತಕ್ಕೆ ಇಳಿಸಿತು. ನಗರಗಳಲ್ಲಿ ಕಳ್ಳತನದಿಂದ ಬೇಸತ್ತ ಜನರ ಆತಂಕ ಸುಳ್ಳಲ್ಲ. ಡಾರ್ವಿನ್‌ನ ನಮ್ಮ ಭಾರತೀಯ ಅಂಗಡಿಯವರೂ ಅದನ್ನು ಅನುಭವಿಸಿದ್ದಾರೆ. ಆದರೂ ಒಬ್ಬ ವೈದ್ಯನಾಗಿ ನಾನು ಕೇಳಬೇಕಾದದ್ದು ಇಷ್ಟೇ: ಹತ್ತು ವರ್ಷದ ಮಗುವನ್ನು ನ್ಯಾಯಾಲಯದೆದುರು ನಿಲ್ಲಿಸುವ ಮುನ್ನ ಯಾರಾದರೂ ಅದರ ಕಿವಿಯೊಳಗೆ ನೋಡಿದ್ದಾರೆಯೇ?

ಇಷ್ಟೊಂದು ನಷ್ಟ ಮಾಡುವ ರೋಗ ಏಕೆ ಹೀಗೆ ನಿರ್ಲಕ್ಷ್ಯಕ್ಕೆ ಒಳಗಾಯಿತು? ನನಗೆ ಕಾಣುವ ಮುಖ್ಯ ಕಾರಣ, ದೀರ್ಘಕಾಲದ ಹಂತದಲ್ಲಿ ಇದು ನೋಯುವುದಿಲ್ಲ. ನೋಯುವ ಕಿವಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ, ಸೋರುವ ಕಿವಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಅದರಿಂದ ಕೊಲ್ಲಲ್ಪಡುವವರು ಕಡಿಮೆ, ಆದ್ದರಿಂದ ಸಾವಿನ ಪಟ್ಟಿಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ವೈದ್ಯರಾದ ನಾವೂ ನಿರಪರಾಧಿಗಳಲ್ಲ. ನನ್ನ ವಿದ್ಯಾರ್ಥಿ ದಿನಗಳಲ್ಲಿ ಸೋರುವ ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಪುಟಗಟ್ಟಲೆ ಓದಿದ್ದೇನೆ. ಪ್ರತಿದಿನ ಅದನ್ನು ಒರೆಸಿ ಒಣಗಿಸುವುದು ಹೇಗೆಂದು ತಾಯಿಗೆ ಕೈಯಾರೆ ತೋರಿಸಿಕೊಡುವುದನ್ನು ಕಲಿತದ್ದು ಆರ್ನೆಮ್ ಲ್ಯಾಂಡಿನ ಮೂಲನಿವಾಸಿ ಆರೋಗ್ಯ ಕಾರ್ಯಕರ್ತೆಯೊಬ್ಬರಿಂದ.

ಆ ವಿಧಾನ ಸರಳ. ಶುಚಿಯಾದ ಮೆತ್ತನೆಯ ಹತ್ತಿಬಟ್ಟೆಯ ತುಂಡನ್ನೋ ಗಟ್ಟಿಯಾದ ಟಿಶ್ಯೂ ಕಾಗದವನ್ನೋ ದೀಪದ ಬತ್ತಿಯಂತೆ ಹೊಸೆಯಬೇಕು. ಅದನ್ನು ಮೆಲ್ಲನೆ ಕಿವಿಯಲ್ಲಿಟ್ಟು, ಒದ್ದೆಯಾದಾಗ ತೆಗೆದು ಹೊಸ ಬತ್ತಿಯಿಡಬೇಕು. ಬತ್ತಿ ಒಣಗಿಯೇ ಹೊರಬರುವವರೆಗೆ, ದಿನಕ್ಕೆ ಮೂರು ಬಾರಿ ಹೀಗೆ ಮಾಡಿ, ಆನಂತರ ವೈದ್ಯರು ಹೇಳಿದ ಸಿಪ್ರೊಫ್ಲಾಕ್ಸಸಿನ್‌ನಂತಹ ಹನಿಗಳನ್ನು ಎರಡು ವಾರ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಕಾಯಿಲೆಗಳ ಮಾರ್ಗದರ್ಶಿಯಲ್ಲಿರುವುದೂ ಇದೇ: ಹದಿನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಸೋರುವ ಕಿವಿಗೆ ಬಾಯಿಯ ಔಷಧಿಯಲ್ಲ, ಬತ್ತಿ ಮತ್ತು ಹನಿ. ರಾಯಚೂರಿನ ಹುಡುಗನಿಗೆ ನಾನು ಬರೆದ ಸಿರಪ್ಪು ಅವನ ಕಿವಿಯನ್ನು ಸರಿಯಾಗಿ ತಲುಪಿಯೇ ಇರಲಾರದು. ದೀಪದ ಬತ್ತಿ ಹೊಸೆಯಬಲ್ಲ ಆ ತಾಯಿಯ ಕೈಗೆ ನಾನು ಕೆಲಸವನ್ನೇ ಕೊಡಲಿಲ್ಲ.

ಹನಿಗಳ ವಿಷಯದಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗ ಗಮನಾರ್ಹ. ಮೂಲನಿವಾಸಿ ಸಮುದಾಯಗಳೇ ನಡೆಸುವ ಆರೋಗ್ಯ ಕೇಂದ್ರಗಳು ತಮ್ಮ ಮಕ್ಕಳಲ್ಲಿ ಸಿಪ್ರೊಫ್ಲಾಕ್ಸಸಿನ್ ಹನಿಗಳನ್ನು ಆಗ ಬಳಕೆಯಲ್ಲಿದ್ದ ಹಳೆಯ ಹನಿಗಳೊಂದಿಗೆ ಹೋಲಿಸಿ ನೋಡಿದವು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೊಸ ಹನಿಯಿಂದ ನೂರಕ್ಕೆ 76 ಮಕ್ಕಳ ಸೋರಿಕೆ ನಿಂತಿತ್ತು, ಹಳೆಯದರಿಂದ 52. ಪ್ರಶ್ನೆ ಕೇಳಿದವರು, ಉತ್ತರ ಕಂಡುಕೊಂಡವರು ಇಬ್ಬರೂ ರೋಗವನ್ನು ಅನುಭವಿಸುತ್ತಿದ್ದ ಸಮುದಾಯದ ಜೊತೆಗಿದ್ದವರು ಎಂಬುದು ನನಗೆ ಆ ಅಂಕಿಗಳಷ್ಟೇ ಮುಖ್ಯ.

ಲಸಿಕೆಯ ಕತೆ ಸ್ವಲ್ಪ ಸಂಕೀರ್ಣ. ಆಸ್ಟ್ರೇಲಿಯಾ 2001ರಲ್ಲಿ ಮೂಲನಿವಾಸಿ ಮಕ್ಕಳಿಗೆ, 2005ರಲ್ಲಿ ಎಲ್ಲ ಮಕ್ಕಳಿಗೆ ನ್ಯುಮೋಕಾಕಸ್ ಲಸಿಕೆಯನ್ನು ಆರಂಭಿಸಿತು. ತೂತಾಗಿ ಸೋರುವ ಕಿವಿಗಳ ಪ್ರಮಾಣ ಕ್ರಮೇಣ ಇಳಿಯಿತು. ಆದರೆ ಮಧ್ಯಕಿವಿಯಲ್ಲಿ ದ್ರವ ನಿಂತ, ಸೋಂಕು ತಗಲಿದ ಮಕ್ಕಳ ಒಟ್ಟು ಸಂಖ್ಯೆ ಅಷ್ಟಾಗಿ ಕಡಿಮೆಯಾಗಲಿಲ್ಲ. ಲಸಿಕೆ ಕೆಲವು ತಳಿಗಳನ್ನಷ್ಟೇ ತಡೆಯುತ್ತದೆ. ತೆರವಾದ ಜಾಗಕ್ಕೆ ಬೇರೆಯವು ಬರುತ್ತವೆ. ಭಾರತವು ಇದೇ ಲಸಿಕೆಯನ್ನು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮುಖ್ಯ ಗುರಿ ನ್ಯುಮೋನಿಯಾ. ಕಿವಿಗಳಿಗೂ ಅದರ ಪ್ರಯೋಜನ ಸಿಗಬೇಕು. ಆದರೆ ಎಷ್ಟು ಸಿಕ್ಕಿತೆಂದು ತಿಳಿಯಬೇಕಾದರೆ ಕಿವಿಗಳನ್ನು ಎಣಿಸುವ ಏರ್ಪಾಡು ಬೇಕು.

ಲಸಿಕೆ, ಹನಿಗಳಿಂದಾಚೆಗೆ ಮನೆಯ ಪ್ರಶ್ನೆ ಇದ್ದೇ ಇದೆ. 2024ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರಕಾರ ಮತ್ತು ಇಲ್ಲಿಯ ಪ್ರಾಂತೀಯ ಸರಕಾರ ಒಟ್ಟಾಗಿ, ದೂರದ ಸಮುದಾಯಗಳಲ್ಲಿ ಮನೆ ಕಟ್ಟಲು ಹತ್ತು ವರ್ಷಗಳಲ್ಲಿ 400 ಕೋಟಿ ಡಾಲರ್ ವೆಚ್ಚ ಮಾಡುವುದಾಗಿ ಘೋಷಿಸಿದವು. ಇಕ್ಕಟ್ಟನ್ನು ಅರ್ಧಕ್ಕಿಳಿಸುವುದು ಗುರಿ. ಪತ್ರಿಕೆಗಳು ಅದನ್ನು ವಸತಿ ಯೋಜನೆಯೆಂದು ವರದಿ ಮಾಡಿದವು. ನಾನದನ್ನು ಕಿವಿಯ ಚಿಕಿತ್ಸೆಯೆಂದು ಓದಿದೆ. ಮನೆಗಳು ನಿಜವಾಗಿ ಎದ್ದು ನಿಂತರೆ, ಅವುಗಳ ನಲ್ಲಿಗಳು ಕೆಟ್ಟಾಗ ರಿಪೇರಿಯಾದರೆ, ನನ್ನ ನಂತರ ಬರುವ ವೈದ್ಯರಿಗೆ ಕೆಲಸ ಕಡಿಮೆಯಾದೀತು.

ಇನ್ನು ತಾಯ್ನಾಡಿನ ಮಾತು. ನಮ್ಮಲ್ಲಿ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿಯಂತ್ರಣ ಕಾರ್ಯಕ್ರಮವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ಹೋಗುವ ತಂಡಗಳು ಪರೀಕ್ಷಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮಧ್ಯಕಿವಿಯ ಸೋಂಕೂ ಇದೆ. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ತಜ್ಞರನ್ನು ತಯಾರಿಸಿದೆ. ಪ್ರಪಂಚದ ಎಷ್ಟೋ ಬಡ ರಾಷ್ಟ್ರಗಳಿಗಿಲ್ಲದ ಅನುಕೂಲಗಳು ಇವು. ಕೊರತೆಯಿರುವುದು ಪತ್ತೆಯಾದ ನಂತರದ ಐದನೆಯ ದಿನದಲ್ಲಿ. ಕಿವಿ ಸೋರುವುದು ಕಂಡಿತು, ಚೀಟಿ ಬರೆದಾಯಿತು. ಹನಿಗಳು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಕ್ಕವೇ? ತಾಯಿಗೆ ಬತ್ತಿಯಿಡುವುದನ್ನು ಯಾರಾದರೂ ತೋರಿಸಿದರೇ? ಐದು ದಿನಗಳ ನಂತರ ಯಾರಾದರೂ ಮತ್ತೆ ನೋಡಿದರೇ? ದಿನಗೂಲಿ ಬಿಟ್ಟು ಎಂಬತ್ತು ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ನೋವಿಲ್ಲದ ಕಾಯಿಲೆಗಾಗಿ ಯಾವ ತಾಯಿಯೂ ಎರಡು ಸಲ ಹೋಗಲಾರಳು. ಆಕೆಯ ಊರಿನಲ್ಲಿಯೇ ಇರುವ ಆಶಾ ಕಾರ್ಯಕರ್ತೆ ಆ ಕೆಲಸ ಮಾಡಬಲ್ಲಳು. ಅವಳಿಗೆ ಬೇಕಾದದ್ದು ತರಬೇತಿ, ಹನಿಗಳ ಸರಬರಾಜು, ಮತ್ತು ಈಗಾಗಲೇ ಹೊತ್ತಿರುವ ಹೊರೆಗೆ ತಕ್ಕ ಸಂಭಾವನೆ.

ವಿದೇಶದಲ್ಲಿರುವ ನಮಗೂ ಇಲ್ಲೊಂದು ಪಾಠವಿದೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನದ ಉಚಿತ ತಪಾಸಣಾ ಶಿಬಿರ ನಡೆಸುವುದು ನಮ್ಮ ಸಂಘಗಳ ಪ್ರೀತಿಯ ಕಾರ್ಯಕ್ರಮ. ನಾನೂ ಭಾಗವಹಿಸಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಸೋರುವ ಕಿವಿಗೆ ಒಂದು ದಿನದ ಶಿಬಿರದಿಂದ ಏನೂ ಆಗದು. ಆ ಹಣದಲ್ಲಿ ಒಂದು ಹೋಬಳಿಯ ಆರೋಗ್ಯ ಕೇಂದ್ರಗಳಿಗೆ ಕಿವಿ ನೋಡುವ ಉಪಕರಣಗಳನ್ನೂ ಬ್ಯಾಟರಿಗಳನ್ನೂ ವರ್ಷಕ್ಕಾಗುವಷ್ಟು ಹನಿಗಳನ್ನೂ ಕೊಡಬಹುದು. ಫೋಟೊ ಅಷ್ಟು ಚೆನ್ನಾಗಿ ಬರಲಾರದು, ಅಷ್ಟೆ.

ಓದುಗರಲ್ಲಿ ಕೆಲವು ಮಾತುಗಳನ್ನು ನೇರವಾಗಿ ಹೇಳಿಬಿಡುತ್ತೇನೆ. ಎಣ್ಣೆನೀರಿನ ದಿನ ಮಗುವಿನ ಕಿವಿಗೆ ಎಣ್ಣೆ ಹಾಕಬೇಡಿ. ಸೋರುವ ಕಿವಿಗೆ ಬಿಸಿಯೆಣ್ಣೆ, ಬೆಳ್ಳುಳ್ಳಿಯೆಣ್ಣೆಗಳನ್ನಂತೂ ಎಂದಿಗೂ ಹಾಕಬೇಡಿ. ಬೆಂಕಿಕಡ್ಡಿ, ಪಿನ್ನುಗಳು ಕಿವಿಯ ಹತ್ತಿರ ಸುಳಿಯಬಾರದು. ಬಾಟಲಿಯಲ್ಲಿ ಹಾಲು ಕೊಡುವುದಾದರೆ ಮಗುವಿನ ತಲೆ ಎತ್ತರದಲ್ಲಿರಲಿ. ಮನೆಯೊಳಗೆ ಬೀಡಿ, ಸಿಗರೇಟು ಬೇಡ. ಕಿವಿಯ ಹಿಂದೆ ಊದಿಕೊಂಡು ಮುಟ್ಟಿದರೆ ನೋಯುತ್ತಿದ್ದರೆ, ಅಥವಾ ಕಿವಿ ಸೋರುವ ಮಗುವಿಗೆ ತೀವ್ರ ತಲೆನೋವು, ವಾಂತಿ, ಮುಖ ಸೊಟ್ಟಗಾಗುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಮತ್ತು ಮಗು ಓದಿನಲ್ಲಿ ಹಿಂದುಳಿದರೆ, ದಡ್ಡತನದ ತೀರ್ಪು ಕೊಡುವ ಮುನ್ನ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.

ರಾಯಚೂರಿನ ಆ ಹುಡುಗನಿಗೆ ಈಗ ನಲವತ್ತು ವರ್ಷ ಸಮೀಪಿಸಿರಬೇಕು. ಅವನು ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ನನಗೆ ತಿಳಿಯದು. ಆರ್ನೆಮ್ ಲ್ಯಾಂಡಿನ ಮಗುವಿನ ವಿಷಯ ಮಾತ್ರ ತಿಳಿದಿದೆ. ಅಂದು ಆ ಅಜ್ಜಿಯ ಪಕ್ಕದಲ್ಲಿ ಕುಳಿತು ಬತ್ತಿ ಹೊಸೆಯುವುದನ್ನು ಆರೋಗ್ಯ ಕಾರ್ಯಕರ್ತೆ ತೋರಿಸಿದರು. ಮುಂದಿನ ಭೇಟಿಯ ವೇಳೆಗೆ ಬಲಗಿವಿ ಒಣಗಿತ್ತು, ಎಡಗಿವಿ ಇನ್ನೂ ಸೋರುತ್ತಿತ್ತು. ಅದರ ಮುಂದಿನ ಭೇಟಿಗೆ ದಿನಾಂಕ ಬರೆದು, ಹನಿಗಳ ಇನ್ನೊಂದು ಶೀಶೆ ಕೊಟ್ಟು ವಿಮಾನ ಹತ್ತಿದೆ.